ಯಾಕೆ ಮೇಸ್ತ್ರಿಯ ಮೂರು ಮಿಲಿಮೀಟರು

ಕಾರು ರಿಪೇರಿಯವರ ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ಅವನು ಯಾಕೆ ಮೇಸ್ತ್ರಿ. ಗಾಡಿ ಎಡಕ್ಕೆ ಎಳೆಯುತ್ತಿದೆ ಅಂತ ಯಾರಾದರೂ ತಂದರೆ ಬೇರೆ ಮೇಸ್ತ್ರಿಗಳು ಪಾನಾ ಹಿಡಿದು ಕೆಳಗೆ ನುಗ್ಗುತ್ತಾರೆ. ಇವನು ಗಲ್ಲಕ್ಕೆ ಕೈ ಕೊಟ್ಟು ನಿಂತು, ಯಾಕೆ ಅನ್ನುತ್ತಾನೆ. ಗಿರಾಕಿಗೆ ಅರ್ಜೆಂಟು ಇದ್ದಷ್ಟೂ ಇವನ ಯಾಕೆ ಉದ್ದವಾಗುತ್ತದೆ.

ಈ ಚಾಳಿ ಅವನಿಗೆ ಹತ್ತಿದ್ದು ಕಟಿಂಗ್ ಶಾಪಿನಲ್ಲಿ. ಇಪ್ಪತ್ತರ ವಯಸ್ಸು. ಕ್ಷೌರಿಕ ಕಾಲಲ್ಲಿ ನಾಲ್ಕು ಸಲ ತುಳಿದದ್ದೇ ತಡ, ಕುರ್ಚಿ ಇವನನ್ನು ಹೊತ್ತುಕೊಂಡು ಮೇಲಕ್ಕೆದ್ದಿತು. ಒಂದು ಕಾಲಿನ ಬಲಕ್ಕೆ ಇಡೀ ಆಳು ಏಳುವುದು ಹೇಗೆ? ಅರ್ಧ ತಲೆ ಕತ್ತರಿಸಿಕೊಂಡಿದ್ದವನು ಇಳಿದು, ಕೂದಲು ಚೆಲ್ಲಿದ ನೆಲದ ಮೇಲೆ ಅಂಗಾತ ಮಲಗಿ ಕುರ್ಚಿಯ ಕೆಳಗೆ ತಲೆ ತೂರಿಸಿದ. ಒಳಗೆ ಒಂದು ಸಣ್ಣ ಪಂಪು, ಒಂದು ದಪ್ಪ ಕೊಳವೆ, ನಡುವೆ ಎಣ್ಣೆ. ಕ್ಷೌರಿಕ ಕತ್ತರಿ ಹಿಡಿದು ಕಾಲು ಗಂಟೆ ಕಾದ. ಅಂದಿನಿಂದ ಎಣ್ಣೆ ಮತ್ತು ಕೊಳವೆ ಇವನ ತಲೆಗೆ ಹೊಕ್ಕವು, ಕಾರಿನ ಕೆಲಸದಲ್ಲೂ ಬ್ರೇಕು ಇವನ ಪಾಲಿಗೆ ಬಂತು.

ಊರಿಗೆಲ್ಲ ಯಾಕೆ ಅಂತ ಕೇಳುವ ಇಂಥ ಮನುಷ್ಯ ಸ್ವಂತ ಅಕ್ಕನ ಗಾಡಿಯ ವಿಷಯದಲ್ಲಿ ಅದನ್ನು ಕೇಳುವುದನ್ನೇ ಮರೆತ.

ಅಕ್ಕ ಅವನಿಗಿಂತ ಆರು ವರ್ಷ ದೊಡ್ಡವಳು. ಆಸ್ಪತ್ರೆಯ ನರ್ಸಾಗಿ ನಿವೃತ್ತಿಯಾಗಿದ್ದಳು, ಅದೂ ಕಾಗದದ ಮೇಲೆ ಮಾತ್ರ. ಊರಿನ ಆಚೆ ತುದಿಯಲ್ಲಿ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದಳು, ಇಂಜೆಕ್ಷನ್ ಕೊಡುತ್ತಿದ್ದಳು, ಟ್ಯೂಬು ಬದಲಾಯಿಸುತ್ತಿದ್ದಳು. ಅಲ್ಲಿಗೆ ಬಸ್ಸಿಲ್ಲ. ಅವಳದ್ದೊಂದು ಹಳೆಯ ಸಣ್ಣ ಕಾರು. ಈಗಿನ ಗಾಡಿಗಳಲ್ಲಿ ಬ್ರೇಕ್ ತುಳಿಯುವ ಕಾಲಿಗೆ ಇಂಜಿನ್ ಸಹಾಯ ಮಾಡುತ್ತದೆ. ಅದರಲ್ಲಿ ಅಂಥ ಸುಖವಿಲ್ಲ. ಕಾಲು ಎಷ್ಟು ಒತ್ತುತ್ತದೋ ಅಷ್ಟೇ. ಎರಡು ವರ್ಷದ ಹಿಂದೆ ಅವಳ ಬಲ ಮಂಡಿಗೆ ಆಪರೇಷನ್ ಆಗಿತ್ತು. ಇನ್ನು ಗಾಡಿ ಸಾಕು ಅಂತ ಮಗಳು ಆಗಿನಿಂದ ಹೇಳುತ್ತಲೇ ಇದ್ದಳು, ಇವಳು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು.

ಒಂದು ದಿನ ಬ್ರೇಕ್ ಆಯಿಲ್ ಕಡಿಮೆಯಾಗುತ್ತಿದೆ ಅಂತ ಗಾಡಿ ತಂದಳು. ಮೇಸ್ತ್ರಿ ಪೆಡಲಿನ ಹಿಂದೆ ಬೆರಳಾಡಿಸಿದ, ಒದ್ದೆ. ಕಾಲಿನ ಒತ್ತನ್ನು ಎಣ್ಣೆಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದು ಒಳಗಿನಿಂದ ಎಣ್ಣೆ ಜಿನುಗುತ್ತಿತ್ತು. ಅದೇ ಅಳತೆಯ ಹೊಸ ಸಿಲಿಂಡರ್ ಹಾಕಿದ್ದರೆ ಮುಗಿಯುತ್ತಿತ್ತು. ಅಕ್ಕನೂ ಸೋರುವುದು ನಿಂತರೆ ಸಾಕು ಅಂದಿದ್ದಳು. ಆದರೆ ಪೆಡಲ್ ತುಳಿದು ನೋಡಿದವನಿಗೆ ಅದು ತೀರಾ ಕೆಳಗೆ ಹೋಯಿತು ಅನ್ನಿಸಿತು. ಶೆಲ್ಫಿನಲ್ಲಿ ಅದೇ ಕಂಪನಿಯ ದೊಡ್ಡ ಕಾರಿನ ಸಿಲಿಂಡರ್ ಇತ್ತು. ಬೋಲ್ಟಿನ ತೂತು ಅದಕ್ಕೂ ಇದಕ್ಕೂ ಒಂದೇ, ಪೈಪು ಕೂರುವ ತಿರುಪೂ ಒಂದೇ. ಒಳಗಿನ ಪಿಸ್ಟನ್ ಮಾತ್ರ ಹತ್ತೊಂಬತ್ತರ ಬದಲು ಇಪ್ಪತ್ತೆರಡು ಮಿಲಿಮೀಟರು. ದೊಡ್ಡದನ್ನು ಸಣ್ಣ ಗಾಡಿಗೆ ಹಾಕಿದರೆ ಏನಾಗಬಹುದು ಅಂತ ಅವನ ಮನಸ್ಸು ವರ್ಷದಿಂದ ತುರಿಸುತ್ತಿತ್ತು, ನೆಪ ಸಿಕ್ಕಿರಲಿಲ್ಲ.

ಹಾಕಿಯೇಬಿಟ್ಟ. ಮೊದಲು ಸಿಲಿಂಡರನ್ನು ವೈಸಿಗೆ ಕಚ್ಚಿಸಿ, ಆಯಿಲ್ ತುಂಬಿ, ಗುಳ್ಳೆ ಏಳುವುದು ನಿಲ್ಲುವ ತನಕ ಪಿಸ್ಟನ್ ಒತ್ತಿದ. ಗಾಡಿಗೆ ಕೂರಿಸಿ ನಟ್ಟು ಬಿಗಿದ. ಆಮೇಲೆ ನಾಲ್ಕು ಚಕ್ರದಿಂದ ಗಾಳಿ ತೆಗೆಯುವ ಕೆಲಸ. ಅದಕ್ಕೆ ಯಾವಾಗಲೂ ಅವನ ಹೆಂಡತಿಯೇ ಬೇಕು. ಪಕ್ಕದ ಮಳಿಗೆಯಲ್ಲಿ ಹೊಲಿಗೆ ಅಂಗಡಿ ನಡೆಸುವವಳು ಮಿಷನ್ ನಿಲ್ಲಿಸಿ ಬಂದು ಸ್ಟೀರಿಂಗ್ ಮುಂದೆ ಕೂತಳು. ಚಕ್ರದ ಹತ್ತಿರದಿಂದ ಇವನು ಒತ್ತು, ಹಿಡಿ, ಬಿಡು ಅಂದ ಹಾಗೆ ಒತ್ತಿದಳು, ಹಿಡಿದಳು, ಬಿಟ್ಟಳು. ಕೊನೆಗೆ ಇಳಿದು ಮೀನಖಂಡ ಉಜ್ಜಿಕೊಳ್ಳುತ್ತ ಒಂದೇ ಮಾತು ಹೇಳಿದಳು.

"ರೀ, ಪೆಡಲ್ ಕಲ್ಲಿನ ಹಾಗಿದೆ."

ಆ ಬೀದಿಯಲ್ಲಿ ಬ್ರೇಕ್ ಕೆಲಸಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಒಳಗೆ ಗಾಳಿ ಉಳಿದರೆ ಪೆಡಲ್ ಹತ್ತಿಯಂತೆ ಒಳಕ್ಕೆ ಹೋಗುತ್ತದೆ, ಕಲ್ಲಿನ ಹಾಗಿದ್ದರೆ ಕೆಲಸ ಪಕ್ಕಾ. ಮೇಸ್ತ್ರಿ ಉಬ್ಬಿಹೋದ. ತಾನೇ ಒಂದು ಸುತ್ತು ಓಡಿಸಿ ಬಂದ. ತುಳಿಯುವ ಮೊದಲೇ ಹಿಡಿದಂತಿತ್ತು. ಬೇರೆ ಮೇಸ್ತ್ರಿಗಳನ್ನೂ ಕರೆದು ತುಳಿಸಿದ. ಎಲ್ಲರೂ ಭಲೇ ಅಂದರು, ಎಲ್ಲರದೂ ಇವನಂಥದೇ ಎಮ್ಮೆ ಕಾಲು.

ಹತ್ತು ದಿನ ಕಳೆದು ಅಕ್ಕ ಬಂದಳು. ಮುಂದಿನ ನಂಬರ್ ಪ್ಲೇಟು ಸೊಟ್ಟಗಾಗಿತ್ತು. ಕೀ ತೆಗೆದು ಮೇಜಿನ ಮೇಲಿಟ್ಟಳು. ರೋಗಿಯೊಬ್ಬರ ಮನೆ ಮುಂದೆ ಯಾವಾಗಿನಂತೆಯೇ ಬ್ರೇಕ್ ತುಳಿದಿದ್ದಳಂತೆ. ಗಾಡಿ ನಿಂತಿತು, ಕಸದ ಡ್ರಮ್ಮಿಗೆ ಗುದ್ದಿದ ಮೇಲೆ. ಡ್ರಮ್ಮಿನ ಜಾಗದಲ್ಲಿ ಯಾರಾದರೂ ಇದ್ದಿದ್ದರೆ ಅಂತ ನೆನೆದು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.

"ನೀನು ಬ್ರೇಕ್ ಚೆನ್ನಾಗೇ ಮಾಡಿದೀಯ. ಕೆಟ್ಟಿರೋದು ನನ್ನ ಕಾಲು. ಭಾನುವಾರ ಮಗಳು ಬಂದು ಗಾಡಿ ತಗೊಂಡು ಹೋಗ್ತಾಳೆ."

ಸ್ಟೂಲಿನ ಮೇಲೆ ಕೂತು, ತಾನು ನೋಡಿಕೊಳ್ಳುತ್ತಿದ್ದವರ ಮನೆಗೆಲ್ಲ ಫೋನ್ ಮಾಡತೊಡಗಿದಳು. ಬೇರೆ ಯಾರನ್ನಾದರೂ ನೋಡಿಕೊಳ್ಳಿ, ಪಟ್ಟಿ ಬಿಚ್ಚುವಾಗ ನೀರು ಹಾಕಿ ನೆನೆಸಿ, ಎಳೆಯಬೇಡಿ. ಪ್ರತಿ ಮನೆಗೂ ಒಂದೊಂದು ಎಚ್ಚರಿಕೆ ಹೇಳಿ ಫೋನ್ ಇಡುತ್ತಿದ್ದಳು. ಕೇಳುತ್ತ ನಿಂತಿದ್ದ ಮೇಸ್ತ್ರಿ ಮೇಜಿನ ಮೇಲಿನ ಕೀ ಎತ್ತಿಕೊಂಡ.

ಗಾಡಿ ತೆಗೆದುಕೊಂಡು ಹೋಗಿ ತುಳಿದು ನೋಡಿದ. ಬ್ರೇಕು ಚಿನ್ನದಂತಿತ್ತು. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. ಬ್ರೇಕು ಸರಿಯಿದ್ದರೆ ಅಕ್ಕ ಹೇಳುವುದೂ ಸರಿ. ಜೀವನದಲ್ಲಿ ಮೊದಲ ಸಲ ಅವನಿಗೆ ಯಾಕೆ ಅಂತ ಕೇಳಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಹೊಲಿಗೆ ಅಂಗಡಿಯ ಬಾಗಿಲಿಂದ ಹೆಂಡತಿ ಅಂದಳು:

"ನಾನು ಅವತ್ತೇ ಹೇಳಿರ್ಲಿಲ್ವಾ ಕಲ್ಲಿನ ಹಾಗಿದೆ ಅಂತ? ಎರಡು ದಿನ ಕಾಲು ಹಿಡ್ಕೊಂಡಿತ್ತು ನಂಗೆ."

ಮೇಸ್ತ್ರಿ ಪೆಚ್ಚಾಗಿ ನಿಂತ. ಅವಳು ದೂರಿದ್ದನ್ನು ಅವನು ಹೊಗಳಿಕೆಯೆಂದು ಹತ್ತು ದಿನದಿಂದ ಮೆಲುಕು ಹಾಕುತ್ತಿದ್ದ.

ಮನೆಯಿಂದ ತೂಕದ ಯಂತ್ರ ತಂದು ಗೋಡೆಗೆ ಒರಗಿಸಿ, ಎದುರಿಗೆ ಕುರ್ಚಿ ಹಾಕಿದ. ಕುರ್ಚಿಯಲ್ಲಿ ಕೂತು ತಾನು ಕಾಲಿನಿಂದ ಒತ್ತಿದ, ಐವತ್ತೆರಡು ಕೆಜಿ. ಹೆಂಡತಿ ಇಪ್ಪತ್ತೊಂಬತ್ತು. ಅಕ್ಕನ ಬಲಗಾಲು ಹತ್ತೊಂಬತ್ತು, ಹಲ್ಲು ಕಚ್ಚಿ ಒತ್ತಿದರೆ ಇಪ್ಪತ್ತೊಂದು. ಸೀಮೆಸುಣ್ಣ ಹಿಡಿದು ನೆಲದ ಮೇಲೆ ಎರಡು ಪಿಸ್ಟನ್ನಿನ ಅಳತೆಗೆ ಎರಡು ವೃತ್ತ ಬರೆದ. ಅಡ್ಡಳತೆಯಲ್ಲಿ ಹೆಚ್ಚಿದ್ದು ಮೂರೇ ಮಿಲಿಮೀಟರು, ಆದರೆ ಪಿಸ್ಟನ್ನಿನ ಮುಖದ ವಿಸ್ತೀರ್ಣ ಮೂರನೇ ಒಂದು ಭಾಗದಷ್ಟು ಹೆಚ್ಚಿತು, ಅಂದರೆ ಕಾಲಿಗೂ ಅಷ್ಟೇ ಹೆಚ್ಚು ಭಾರ. ಅವನಿನ್ನೂ ಲೆಕ್ಕದಲ್ಲಿದ್ದ, ಅಕ್ಕ ನಡುವೆ ಬಾಯಿ ಹಾಕಿದಳು.

"ಇದೇನು ಹೊಸದಾ? ದಪ್ಪ ಸಿರಿಂಜ್ ತಳ್ಳೋಕೆ ಕಷ್ಟ, ಸಣ್ಣದು ಸಲೀಸು. ಸಣ್ಣದರಲ್ಲಿ ಒತ್ತಡ ಜಾಸ್ತಿ, ಟ್ಯೂಬು ಒಡೆದುಹೋಗುತ್ತೆ ಅಂತ ನಮಗೆ ಮೊದಲ ವರ್ಷಾನೇ ಹೇಳ್ಕೊಡ್ತಾರೆ."

ಮೇಸ್ತ್ರಿ ಸೀಮೆಸುಣ್ಣ ಕೆಳಗಿಟ್ಟ. ತಾನು ಮೂವತ್ತೈದು ವರ್ಷದಿಂದ ತನ್ನದೆಂದು ಮೆರೆಸಿದ ವಿದ್ಯೆ ಅಕ್ಕನ ಚೀಲದಲ್ಲೇ ಇತ್ತು, ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು. ನಿನ್ನ ಕಾಲಿನದೇನೂ ಇಲ್ಲ, ತಪ್ಪೆಲ್ಲ ನನ್ನದು ಅಂದ. ಅಕ್ಕ ಎಡಗಾಲಿನಿಂದ ಯಂತ್ರ ಒತ್ತಿ ತೋರಿಸಿದಳು. ಮೂವತ್ತನಾಲ್ಕು.

"ಕಾಲೂ ಸೋತಿದೆ ಕಣೋ. ನಿನ್ನ ತಪ್ಪು ನಿನ್ನ ಹತ್ರ ಇಟ್ಕೋ, ಅದರಲ್ಲಿ ನನ್ನ ಕಾಲು ಬಚ್ಚಿಡಬೇಡ."

ಹೀಗಾಗಿ ಪ್ರಶ್ನೆ ಒಂದೇ ಉಳಿಯಿತು. ಸೋತ ಈ ಕಾಲು ಹಳೆಯ ಅಳತೆಯ ಬ್ರೇಕಿಗೆ ಸಾಲುತ್ತದೋ ಇಲ್ಲವೋ? ಶುಕ್ರವಾರ ಮೇಸ್ತ್ರಿ ದೊಡ್ಡ ಸಿಲಿಂಡರ್ ಬಿಚ್ಚಿ, ಹತ್ತೊಂಬತ್ತರ ಹೊಸದು ಹಾಕಿದ. ಹಿಂದಿನ ಚಕ್ರಗಳ ಬ್ರೇಕನ್ನೂ ಬಿಗಿ ಮಾಡಿದ. ಪೆಡಲ್ ಮೊದಲಿನಷ್ಟು ಕೆಳಗೆ ಹೋಗಲಿಲ್ಲ, ಆದರೆ ಕಾಲಿಗೆ ಹಗುರವಾಗಿ ಹೋಯಿತು. ಗಾಳಿ ತೆಗೆಯುವಾಗ ಪ್ರತಿ ಚಕ್ರಕ್ಕೂ ಹೆಂಡತಿಯನ್ನು ಕಾಲಿಗೆ ಹೇಗಿದೆ ಅಂತ ಕೇಳಿದ. ನಾಲ್ಕನೇ ಸಲ ಅವಳು ರೇಗಿದಳು.

ಶನಿವಾರ ಮಧ್ಯಾಹ್ನ ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ಸೀಮೆಸುಣ್ಣದ ಎರಡು ಗೆರೆ ಎಳೆದ. ಮೊದಲನೇ ಗೆರೆಗೆ ಬ್ರೇಕ್ ತುಳಿಯಬೇಕು, ಎರಡನೇ ಗೆರೆ ದಾಟಬಾರದು. ಷರತ್ತು ಹಾಕಿದವಳು ಅಕ್ಕ. ಹತ್ತು ಸಲ ನಿಲ್ಲಿಸುತ್ತೇನೆ, ಒಂದೇ ಒಂದು ಸಲ ದಾಟಿದರೂ ಮಗಳು ಬರುವ ತನಕ ಕಾಯುವುದಿಲ್ಲ, ನಾನೇ ಕೀ ಕಳಿಸಿಬಿಡುತ್ತೇನೆ ಅಂದಳು. ಮೇಸ್ತ್ರಿ ಪಕ್ಕದ ಸೀಟಿನಲ್ಲಿ ಕೂತ.

ಮೊದಲ ಸಲ ಗಾಡಿ ಎರಡನೇ ಗೆರೆಗೆ ಎರಡು ಮಾರು ಇರುವಾಗಲೇ ನಿಂತಿತು. ಐದನೆಯ ಸಲವೂ ನಿಂತಿತು. ಏಳರ ಹೊತ್ತಿಗೆ ಅಕ್ಕನ ಹಣೆಯಲ್ಲಿ ಬೆವರು, ಎಂಟರಲ್ಲಿ ಒಂದು ಮಾರು ಉಳಿಯಿತು, ಒಂಬತ್ತರಲ್ಲಿ ಒಂದು ಮೊಳ. ಅಕ್ಕ ಮಂಡಿಯನ್ನು ಒಮ್ಮೆ ನೀವಿಕೊಂಡು ಗಾಡಿಯನ್ನು ಹಿಂದಕ್ಕೆ ಒಯ್ದಳು. ಹತ್ತನೆಯ ಸಲ ಹಿಂದಿನ ಒಂಬತ್ತಕ್ಕಿಂತಲೂ ಜೋರಾಗಿ ಬಂದಳು. ಮೊದಲ ಗೆರೆ ಕಂಡಿತು, ಹೋಯಿತು. ಗಾಡಿಯ ಮೂಗು ಕೆಳಗೆ ಬಾಗಿತು, ಟೈರು ಕಿರುಗುಟ್ಟಿತು, ನಿಂತಿತು.

ಇಬ್ಬರೂ ಇಳಿಯಲಿಲ್ಲ. ಅಕ್ಕ ಕಿಟಕಿಯಿಂದ ಬಗ್ಗಿ ನೋಡಿದಳು. ಗೆರೆ ಇನ್ನೂ ಒಂದು ಗೇಣು ಮುಂದಿತ್ತು. ತಿರುಗಿ ತಮ್ಮನ ಕಡೆ ನೋಡಿದವಳ ಕಣ್ಣು ಅವನ ಕಾಲಿನ ಹತ್ತಿರ ನಿಂತಿತು. ಅವನ ಬಲಗಾಲು ನೆಲಹಾಸನ್ನು ಮುದ್ದೆ ಮಾಡಿ ಮುಂದಕ್ಕೆ ತಳ್ಳಿ, ಅಲ್ಲಿಲ್ಲದ ಪೆಡಲನ್ನು ಮೈಯೆಲ್ಲ ಬಲ ಹಾಕಿ ಒತ್ತುತ್ತಿತ್ತು.

"ಆ ಕಾಲು ತೆಗಿ," ಅಂದಳು ಅಕ್ಕ. "ಹತ್ತು ಸಲಾನೂ ನಿಲ್ಲಿಸಿದ್ದು ನಾನು."