ಯಾವ ಬೆಲೆಗೂ ಕೊಡಬಾರದ ಐದು ಹೆಸರು

ಮೊನ್ನೆ ಹಳೆಯ ಚಳಿಗಾಲದ ಕೋಟನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಬೀರುವಿನಿಂದ ತೆಗೆದು, ಜೇಬಿನಲ್ಲಿ ಏನಾದರೂ ಉಳಿದಿದೆಯೇ ಎಂದು ಕೈ ಹಾಕಿ ನೋಡಿದೆ. ಕಡಲೆಕಾಯಿ ಸಿಪ್ಪೆಯ ಚೂರುಗಳು ಉಗುರಿಗೆ ಸಿಕ್ಕವು. ಅವುಗಳ ಕೆಳಗೆ ನಾಲ್ಕಾಗಿ ಮಡಿಸಿದ ಒಂದು ಹಳದಿ ಕಾಗದ. ಬಿಚ್ಚುವ ಮೊದಲೇ ಅದರಲ್ಲಿ ಏನಿದೆಯೆಂದು ನನಗೆ ಗೊತ್ತಾಯಿತು. ಐದು ಹೆಸರು, ನನ್ನದೇ ಕೈಬರಹ. ಮೂಸಿ ನೋಡಿದರೆ ಹುರಿದ ಕಡಲೆಕಾಯಿಯ ವಾಸನೆ ಇನ್ನೂ ಇತ್ತು, ಅಥವಾ ಇದೆಯೆಂದು ನಾನೇ ಅಂದುಕೊಂಡೆನೋ... ಕೋಟನ್ನು ಮತ್ತೆ ಬೀರುವಿಗೇ ನೇತುಹಾಕಿದೆ.

ಆ ವಾಸನೆ ನಮ್ಮ ಊಟದ ಮೇಜಿನ ಹಿರಿಯರದು. ಬೆಲ್ವ್ಯೂ ಎಂಬ ಊರಿನಲ್ಲಿ ನಾನು ಆಗ ಕೆಲಸ ಮಾಡುತ್ತಿದ್ದ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿಯಲ್ಲಿ ಅವರು ಟೆಸ್ಟರ್ ಆಗಿದ್ದರು. ವಯಸ್ಸು ಅರವತ್ತರ ಹತ್ತಿರ. ನಾನು ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಆದರೂ ತಂಡಕ್ಕೆ ಲೀಡ್ ನಾನು. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ನನಗೆ ಮಾತ್ರ ಅವರ ಹೆಸರು ಬಾಯಿಗೆ ಬರುತ್ತಿರಲಿಲ್ಲ. ನಾನು ‘ಸರ್’ ಎನ್ನುತ್ತಿದ್ದೆ, ಅವರು ‘ಕ್ಯಾಪ್ಟನ್ನಮ್ಮ’ ಎಂದು ರೇಗಿಸುತ್ತಿದ್ದರು. ಮೈಸೂರಿನವರು. ಇಲ್ಲಿಯ ಯೂನಿವರ್ಸಿಟಿಗೆ ಓದಲು ಬಂದು, ವಿಮಾನದ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಬಹಳ ವರ್ಷ ಇದ್ದು, ಆಮೇಲೆ ಸಾಫ್ಟ್‌ವೇರಿಗೆ ಬಂದವರು. ಅಷ್ಟು ಒಳ್ಳೆಯ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದರೆ ಮಾತು ತಿರುಗಿಸಿಬಿಡುತ್ತಿದ್ದರು.

ಹೆಂಡತಿ ತೀರಿಕೊಂಡಿದ್ದರು, ಮಗಳು ಟೆಕ್ಸಾಸಿನಲ್ಲಿ. ಉಳಿದದ್ದು ಬೇಸ್‌ಬಾಲ್. ನಮ್ಮೂರಿನ ತಂಡದ ಮೇಲೆ ಅವರಿಗಿದ್ದ ಪ್ರೀತಿಯನ್ನು ಪ್ರೀತಿ ಎನ್ನಬೇಕೋ ಹರಕೆ ಎನ್ನಬೇಕೋ ತಿಳಿಯದು. ಕಪ್ ಗೆಲ್ಲದ ತಂಡ. ಪ್ರತಿ ವರ್ಷವೂ ಆಸೆ ಹುಟ್ಟಿಸಿ, ಕೊನೆಗೆ ಕೈಕೊಡುವ ತಂಡ. ನಾನೋ, ಕ್ರಿಕೆಟ್ಟನ್ನೇ ನೆಟ್ಟಗೆ ನೋಡಿದವಳಲ್ಲ. ಆಫೀಸಿಗೆ ಸೇರಿದ ಹೊಸತರಲ್ಲಿ ಅವರ ಮೇಜಿನಲ್ಲಿ ಜಾಗ ಖಾಲಿ ಇತ್ತೆಂದು ಡಬ್ಬಿ ಹಿಡಿದು ಕೂತೆ, ಅಷ್ಟೆ. ಎರಡನೆಯ ವಾರ ನಾನೇ ಬಾಯಿಬಿಟ್ಟು ಆಟಗಾರನೊಬ್ಬನ ಬಗ್ಗೆ ಕೇಳಿದಾಗ ಅವರು ಎದುರಿಗಿದ್ದ, ಪಕ್ಕದ ಟಕೋಮಾ ಊರಿನ ಗಡ್ಡದವನ ಕಡೆ ಕಣ್ಣು ಮಿಟುಕಿಸಿ, ನನಗೆ ಮಾತ್ರ ತಿಳಿಯುವಂತೆ ಕನ್ನಡದಲ್ಲಿ, “ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ” ಎಂದರು.

ಅಂದಿನಿಂದ ಮೇಜಿಗೆ ನಾವು ಮೂವರು. ಆ ಗಡ್ಡದವನು ಬೇರೆ ವಿಭಾಗದವನು, ಹುಟ್ಟಿದಾಗಿನಿಂದ ಈ ತಂಡದ ಕಷ್ಟಸುಖ ಕಂಡವನು. ಆಟ ನಡೆಯುವ ಬೇಸಿಗೆಯಲ್ಲಿ ನಮ್ಮ ಮೇಜು ತಕ್ಕಮಟ್ಟಿಗೆ ಶಾಂತವಾಗಿರುತ್ತಿತ್ತು. ಜಗಳವೆಲ್ಲ ಆಟವಿಲ್ಲದ ಚಳಿಗಾಲದಲ್ಲಿ. ಆ ತಿಂಗಳುಗಳಲ್ಲಿಯೇ ತಂಡದವರು ಹೊಸ ಆಟಗಾರರನ್ನು ಸೇರಿಸಿಕೊಳ್ಳುವುದು, ಹಳಬರನ್ನು ಬಿಡುವುದು, ಇನ್ನೊಂದು ತಂಡದ ಜೊತೆ ಅದಲುಬದಲು ಮಾಡಿಕೊಳ್ಳುವುದು. ಅದಕ್ಕೆ ಟ್ರೇಡ್ ಎನ್ನುತ್ತಾರೆ. ಹೆಚ್ಚಿನ ಸಲ ಆಟಗಾರನನ್ನು ಒಂದು ಮಾತು ಕೇಳುವುದೂ ಇಲ್ಲ. ಒಂದು ಬೆಳಿಗ್ಗೆ ಫೋನ್ ಬರುತ್ತದೆ, ಅವನು ಪೆಟ್ಟಿಗೆ ಕಟ್ಟಿಕೊಂಡು ಬೇರೆ ಊರಿಗೆ ಹೊರಡಬೇಕು. ಅಭಿಮಾನಿಗಳನ್ನಂತೂ ಯಾರು ಕೇಳಬೇಕು? ಕೈಲಾಗದವನು ಮೈ ಪರಚಿಕೊಂಡ ಎಂಬಂತೆ ನಾವು ಅನ್ನ ಸಾರು ಮುಂದಿಟ್ಟುಕೊಂಡು ಇವನನ್ನು ತನ್ನಿ, ಅವನನ್ನು ಬಿಡಿ ಎಂದು ಹನ್ನೆರಡರಿಂದ ಒಂದರವರೆಗೆ ಕಿತ್ತಾಡುತ್ತಿದ್ದೆವು.

ಡಿಸೆಂಬರಿನ ಮೊದಲ ಬುಧವಾರ ಸರ್ ನಡೆಸುತ್ತಿದ್ದ ಒಂದು ಪದ್ಧತಿ ಇತ್ತು. ಹಿಂದಿನ ದಿನವೇ ಕಡಲೆಕಾಯಿಯನ್ನು ಉಪ್ಪುನೀರಿನಲ್ಲಿ ನೆನೆಸಿ, ಆರಿಸಿ, ಓವನ್ನಿನಲ್ಲಿ ಹುರಿದು ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದರು. ಡಬ್ಬಿಯ ಮುಚ್ಚಳ ತೆಗೆದರೆ ಆ ಮಹಡಿಯ ಊಟದ ಕೋಣೆಗೆಲ್ಲ ವಾಸನೆ. ಆಮೇಲೆ ಎಲ್ಲರಿಗೂ ಒಂದೊಂದು ಹಳದಿ ಕಾಗದ ಹಂಚುತ್ತಿದ್ದರು. ಯಾರು ಎಷ್ಟೇ ಆಮಿಷ ಒಡ್ಡಿದರೂ ಬಿಟ್ಟುಕೊಡಬಾರದ ಐದು ಆಟಗಾರರ ಹೆಸರನ್ನು ಪ್ರತಿಯೊಬ್ಬರೂ ಬರೆಯಬೇಕು. ಬರೆದು ಮಡಿಸಿಟ್ಟುಕೊಳ್ಳುವ ಹಾಗಿಲ್ಲ, ಜೋರಾಗಿ ಓದಬೇಕು. ಓದಿದ ಮೇಲೆ ಉಳಿದವರು, “ಅವನ್ಯಾಕಿಲ್ಲ?” ಎಂದು ಕೇಳಬಹುದು. ಕೇಳಿದರೆ ಮುಖ ನೋಡಿ ಉತ್ತರ ಹೇಳಬೇಕು. ಇಷ್ಟೇ ನಿಯಮ. ಆಟಕ್ಕೆ ಇಷ್ಟೊಂದು ಗಂಭೀರತೆ ಯಾಕೆ ಎಂದು ನನಗೆ ನಗು ಬರುತ್ತಿತ್ತು.

ಅವರ ಪಟ್ಟಿಯಲ್ಲಿ ಪ್ರತಿ ವರ್ಷ ತಪ್ಪದೆ ಇರುತ್ತಿದ್ದವನು ಒಬ್ಬ ಹಳೆಯ ಪಿಚರ್, ಅಂದರೆ ಚೆಂಡು ಎಸೆಯುವವನು. ಒಂದು ಕಾಲಕ್ಕೆ ಅವನ ಎಸೆತ ಕಣ್ಣಿಗೆ ಕಾಣುತ್ತಿರಲಿಲ್ಲವಂತೆ. ನಾನು ನೋಡಲು ಶುರುಮಾಡುವ ಹೊತ್ತಿಗೆ ಅವನ ವೇಗ ಇಳಿದಿತ್ತು, ಭುಜ ನೋವು, ಎರಡು ವಾರಕ್ಕೊಮ್ಮೆ ವಿಶ್ರಾಂತಿ. ನನ್ನ ಪಟ್ಟಿಯಲ್ಲಿ ಅವನು ಒಂದು ಸಲವೂ ಇರಲಿಲ್ಲ. ನನ್ನದು ಲೆಕ್ಕಾಚಾರದ ತಲೆ. ಸ್ವಲ್ಪ ಬೆಲೆ ಇರುವಾಗಲೇ ಅವನನ್ನು ಕೊಟ್ಟು ಇಬ್ಬರು ಎಳೆಯರನ್ನು ತರಬೇಕು ಎಂದು ವಾದಿಸುತ್ತಿದ್ದೆ. ಆಗ ಸರ್‌ಗೆ ನಿಜವಾಗಿಯೂ ಕೋಪ ಬರುತ್ತಿತ್ತು.

“ಮನುಷ್ಯ ಏನು ಮಾವಿನಹಣ್ಣೇನಮ್ಮಾ, ಕೊಳೆಯೋಕ್ ಮುಂಚೆ ಮಾರಿಬಿಡೋಕೆ?”

ನಾನು ಬಿಡುತ್ತಿರಲಿಲ್ಲ. “ತಂಡ ಗೆಲ್ಲೋದು ಬೇಡ್ವಾ ಸರ್?” ಎನ್ನುತ್ತಿದ್ದೆ. ಗಡ್ಡದವನು ನಮ್ಮ ಕನ್ನಡದ ಜಗಳ ಅರ್ಥವಾಗದೆಯೂ ತಲೆಯಾಡಿಸುತ್ತ ಕಡಲೆಕಾಯಿ ಖಾಲಿ ಮಾಡುತ್ತಿದ್ದ.

ಮೂರು ಚಳಿಗಾಲದ ಹಿಂದೆ, ಆ ಬುಧವಾರಕ್ಕೆ ಎರಡು ದಿನ ಮುಂಚೆ, ನನ್ನ ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡ. ಊರಿನ ಕಂಪನಿಗಳಲ್ಲೆಲ್ಲ ಜನರನ್ನು ತೆಗೆಯುತ್ತಿದ್ದ ದಿನಗಳು ಅವು, ನಮ್ಮಲ್ಲಿಯೂ ಆಗುತ್ತದೆಂದು ಗುಸುಗುಸು ಇತ್ತು. ನನ್ನ ತಂಡದಲ್ಲಿ ಎಂಟು ಜನ. ಇವರಿಲ್ಲದೆ ಕೆಲಸ ನಡೆಯುವುದೇ ಇಲ್ಲ ಎನ್ನುವಂಥ ಐದು ಹೆಸರು ಸಂಜೆಯೊಳಗೆ ಕೊಡು ಎಂದ. ಐದೇ! ನನಗೆ ಒಂದು ಕ್ಷಣ ನಗು ಬಂದುಬಿಟ್ಟಿತ್ತು. ಆಮೇಲೆ ಕೊಡುವುದಿಲ್ಲ ಎಂದೆ. ನೀನು ಕೊಡದಿದ್ದರೆ ನಾನು ಕೊಡುತ್ತೇನೆ, ನನಗೆ ಅವರ ಪರಿಚಯ ಅಷ್ಟಿಲ್ಲ, ಇನ್ನೂ ಅನ್ಯಾಯವಾಗುತ್ತದೆ ಎಂದ. ಅವನ ಮಾತು ಸುಳ್ಳಾಗಿರಲಿಲ್ಲ. ಯಾರಿಗೂ ಹೇಳಬಾರದೆಂದು ಎರಡು ಸಲ ಹೇಳಿ ಕಳಿಸಿದ.

ಮಧ್ಯಾಹ್ನವೆಲ್ಲ ಖಾಲಿ ಪರದೆಯ ಮುಂದೆ ಕೂತಿದ್ದೆ. ಮೂವರು ವೀಸಾದ ಮೇಲಿದ್ದವರು. ಕೆಲಸ ಹೋದರೆ ಅರವತ್ತು ದಿನದಲ್ಲಿ ಬೇರೆಯದು ಹುಡುಕಬೇಕು, ಸಿಗದಿದ್ದರೆ ಗಂಟುಮೂಟೆ. ಅವರಲ್ಲಿ ಒಬ್ಬಳು ಆರು ತಿಂಗಳ ಬಸುರಿ. ಇನ್ನಿಬ್ಬರು ಬರೆದ ಕೋಡು ಅವರಿಬ್ಬರನ್ನು ಬಿಟ್ಟು ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ಅಲ್ಲಿಗೆ ಐದಾಯಿತು. ಸರ್ ಇಲ್ಲಿಯ ಪ್ರಜೆ, ಸ್ವಂತ ಮನೆ, ಮಗಳು ಬೆಳೆದು ನಿಂತವಳು, ಇನ್ನೆಷ್ಟು ವರ್ಷ ದುಡಿದಾರು, ಹೇಗೋ ನಿಭಾಯಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅವರಿಗೆ ಈ ಕೆಲಸ ಸಂಬಳಕ್ಕಿಂತ ಆ ಮೇಜಿಗಾಗಿ ಬೇಕಾಗಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಬರೆಯಲು ಮ್ಯಾನೇಜರ್ ಕಳಿಸಿದ್ದ ಫಾರ್ಮಿನಲ್ಲಿ ಜಾಗವಿರಲಿಲ್ಲ. ನಾಲ್ಕೂವರೆಗೆ ಪಟ್ಟಿ ಕಳಿಸಿದೆ.

ಬುಧವಾರ ಬಂತು. ಸರ್ ಎಂದಿನಂತೆ ಡಬ್ಬಿ ತಂದು ಮುಚ್ಚಳ ತೆಗೆದರು, ಕಾಗದ ಹಂಚಿದರು. ನಾನು ಹುಷಾರಿಲ್ಲ ಎಂದು ರಜೆ ಹಾಕಬಹುದಿತ್ತು... ಹಾಕಲಿಲ್ಲ. ಪೆನ್ನು ಹಿಡಿದು ಕೂತವಳ ಕೈ ತಾನಾಗಿಯೇ ಮೊದಲು ಬರೆದದ್ದು ಆ ಹಳೆಯ ಪಿಚರನ ಹೆಸರು. ನನ್ನ ಸರದಿ ಬಂದಾಗ ಜೋರಾಗಿ ಓದಿದೆ. ಸರ್ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ಅವರ ಮುಖ ಎಷ್ಟು ಅರಳಿತೆಂದರೆ, ಅದನ್ನು ನೆನೆದರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

“ಅಂತೂ ನಮ್ ಕ್ಯಾಪ್ಟನ್ನಮ್ಮಂಗೆ ಬುದ್ಧಿ ಬಂತು ಕಣಯ್ಯಾ!” ಎಂದು ಗಡ್ಡದವನ ಬೆನ್ನು ತಟ್ಟಿ ಕನ್ನಡದಲ್ಲೇ ಹೇಳಿದರು. ನನ್ನ ಕಡೆ ಡಬ್ಬಿ ತಳ್ಳಿ, “ತಗೊಳಮ್ಮಾ, ಜೇಬಿಗೂ ಹಾಕ್ಕೊ” ಎಂದರು. ನಾನು ಒಂದು ಹಿಡಿ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡೆ, ಕಾಗದವನ್ನೂ. ಯಾಕೆ ಮನಸ್ಸು ಬದಲಾಯಿತು ಎಂದು ಗಡ್ಡದವನು ಕೇಳಿದ. ನಿಯಮದ ಪ್ರಕಾರ, ಬಿಟ್ಟವರ ಬಗ್ಗೆ ಕೇಳಿದರೆ ಮಾತ್ರ ಉತ್ತರ ಕೊಡಬೇಕು ಎಂದು ಹಾರಿಸಿಬಿಟ್ಟೆ. ಇಬ್ಬರೂ ನಕ್ಕರು.

ಮುಂದಿನ ಮಂಗಳವಾರ ಬೆಳಿಗ್ಗೆ ಮೂವರಿಗೆ ಮೇಲ್ ಬಂತು. ಸರ್ ತಮ್ಮ ಸಾಮಾನನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಒಂದು ಕಾಫಿ ಲೋಟ, ತಂಡದ ಟೋಪಿ, ಹೆಂಡತಿಯ ಫೋಟೋ, ಆ ಸ್ಟೀಲ್ ಡಬ್ಬಿ. ಪೆಟ್ಟಿಗೆಯನ್ನು ನಾನು ಹಿಡಿದುಕೊಂಡೆ, ಇಬ್ಬರೂ ಪಾರ್ಕಿಂಗಿಗೆ ಇಳಿದೆವು. ಕಾರಿನ ಡಿಕ್ಕಿ ಮುಚ್ಚಿದ ಮೇಲೆ ಅವರು ತುಂಬ ಸಾಧಾರಣವಾಗಿ, ಟ್ರಾಫಿಕ್ ಹೇಗಿದೆ ಎಂದು ಕೇಳುವಂತೆ ಕೇಳಿದರು.

“ನಿನ್ ಹತ್ರ ಲಿಸ್ಟ್ ಕೇಳಿದ್ರಾ?”

“ಇಲ್ಲ ಸರ್. ಎಲ್ಲಾ ಮೇಲಿಂದ್ಲೇ ಬಂದಿದ್ದು.”

ಬಾಯಿಗೆ ಅಷ್ಟು ಸಲೀಸಾಗಿ ಬಂದಿತ್ತು. ಅವರು ಕಾರಿಗೆ ಒರಗಿ ನಿಂತರು. ವಿಮಾನದ ಕಂಪನಿಯ ಮಾತನ್ನು ಅವರಾಗಿಯೇ ಎತ್ತಿದ್ದು ಅದೊಂದೇ ಸಲ.

“ಅಲ್ಲಿ ನನ್ ಹತ್ರ ಕೇಳಿದ್ರಮ್ಮಾ. ಹನ್ನೊಂದು ಜನದಲ್ಲಿ ಆರು ಜನ ಇಟ್ಕೋ ಅಂದ್ರು. ಬರ್ಕೊಟ್ಟೆ. ಹೊರಗೆ ಬಂದಾಗ ಕೆಲಸ ಹೋದ ಒಬ್ಬ ಹಳೇ ಸ್ನೇಹಿತ, ಹೀಗೇ, ಕಾರ್ ಪಕ್ಕ ನಿಂತ್ಕೊಂಡು ಕೇಳ್ದ. ಇಲ್ಲಪ್ಪಾ, ನಂಗೇನೂ ಗೊತ್ತಿಲ್ಲ ಅಂದೆ. ಆಮೇಲೆ ನಂಗೆ ಅಲ್ಲಿ ಇರೋಕಾಗ್ಲಿಲ್ಲ.”

ನನ್ನ ಕಡೆ ನೋಡಲಿಲ್ಲ. ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು, ಕಾಲು ಹಿಡಿಯಬಹುದಿತ್ತು. “ಬರ್ತೀನಮ್ಮಾ, ಹುಷಾರು” ಎಂದು ಕಾರು ಹತ್ತಿದರು. ಹೆಸರು ಬರೆದು ಜೋರಾಗಿ ಓದಿಸುತ್ತಿದ್ದ ಆ ಪದ್ಧತಿ ಎಲ್ಲಿಂದ ಹುಟ್ಟಿತೆಂದು ನನಗೆ ಅರ್ಥವಾಗುವ ಹೊತ್ತಿಗೆ ಅವರ ಕಾರು ರಸ್ತೆಗೆ ಇಳಿದಾಗಿತ್ತು.

ಆ ಚಳಿಗಾಲ ಮುಗಿಯುವ ಮೊದಲೇ ತಂಡದವರು ಹಳೆಯ ಪಿಚರನನ್ನೂ ಕೊಟ್ಟುಬಿಟ್ಟರು. ಬದಲಿಗೆ ಇಬ್ಬರು ಎಳೆಯರು ಬಂದರು, ಥೇಟ್ ನಾನು ವಾದಿಸುತ್ತಿದ್ದ ಹಾಗೆಯೇ. ಅವರಿಬ್ಬರಲ್ಲಿ ಯಾರೂ ನಿಲ್ಲಲಿಲ್ಲ. ಸರ್ ಮನೆ ಮಾರಿ ಟೆಕ್ಸಾಸಿಗೆ ಮಗಳ ಹತ್ತಿರ ಹೋದರೆಂದು ಗಡ್ಡದವನಿಂದ ತಿಳಿಯಿತು. ಅಲ್ಲಿ ಅವರಿಗೆ ಮೊಮ್ಮಕ್ಕಳಿದ್ದರು, ಬಿಸಿಲಿತ್ತು, ಹತ್ತಿರದಲ್ಲೇ ಗೆಲ್ಲುವ ತಂಡವೂ ಇತ್ತು. ಅದರ ಕಡೆ ಅವರು ತಿರುಗಿಯೂ ನೋಡಲಿಲ್ಲವಂತೆ.

ಮುಂದಿನ ಡಿಸೆಂಬರಿನ ಮೊದಲ ಬುಧವಾರ ಅವರಿಂದ ಮೆಸೇಜ್ ಬಂತು. ‘ಕ್ಯಾಪ್ಟನ್ನಮ್ಮ, ನಿನ್ನ ಐದು ಹೆಸರು ಕಳಿಸು.’ ಅಷ್ಟೇ ಇತ್ತು. ಯಾವ ಪಟ್ಟಿ ಕೇಳುತ್ತಿದ್ದಾರೆ ಎಂದು ಯೋಚಿಸುತ್ತ ಕೂತೆ. ಆಟದ್ದೇ ಇರಬೇಕು, ಪಾಪ, ಬೇರೆ ಯಾರಿದ್ದಾರೆ ಅಲ್ಲಿ ಅವರ ಜೊತೆ ಕಿತ್ತಾಡಲು. ಆದರೆ ಆಟಗಾರರ ಹೆಸರು ಬರೆದು ಕಳಿಸಿದರೆ ಎರಡನೆಯ ಸಲ ಸುಳ್ಳು ಹೇಳಿದಂತಾಗುತ್ತದೆ ಅನ್ನಿಸಿತು. ಆಫೀಸಿನ ಇನ್ನೊಂದು ಪಟ್ಟಿ ಬರೆದೆ, ಅಳಿಸಿದೆ. ಫೋನ್ ಮಾಡಿ ಬಾಯಲ್ಲೇ ಹೇಳಿಬಿಡೋಣ, ಈ ಶನಿವಾರ, ಮುಂದಿನ ಶನಿವಾರ... ನೋಡಿದ್ದೇನೆಂದು ತೋರಿಸುವ ಎರಡು ನೀಲಿ ಗೀಟುಗಳು ಅವರಿಗೆ ಕಾಣುತ್ತಿದ್ದವು. ಅವರು ಮತ್ತೆ ಕೇಳಲಿಲ್ಲ.

ಬೇಸಿಗೆಯಲ್ಲಿ ಅದೇ ನಂಬರಿನಿಂದ ಅವರ ಮಗಳು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಳು. ಹೃದಯಾಘಾತವಂತೆ. ಮಧ್ಯಾಹ್ನ ನಮ್ಮ ತಂಡದ ಆಟ ನೋಡುತ್ತ ಕುರ್ಚಿಯಲ್ಲೇ ಹೋದರಂತೆ. ನಾವು ಆ ಆಟವನ್ನೂ ಸೋತಿದ್ದೆವು.

ಮೊನ್ನೆ ಕೋಟನ್ನು ನೇತುಹಾಕಿದ ಮೇಲೆ ಆ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಕೂತೆ. ಹೊರಗೆ ನಮ್ಮ ಓವರ್‌ಲೇಕ್ ಬಡಾವಣೆಯ ಎಂದಿನ ಮಳೆ. ಅದರಲ್ಲಿದ್ದ ಐವರಲ್ಲಿ ಒಬ್ಬನೂ ಈಗ ನಮ್ಮ ತಂಡದಲ್ಲಿಲ್ಲ. ಯಾವ ಬೆಲೆಗೂ ಕೊಡಬಾರದವರನ್ನೆಲ್ಲ ಯಾವ ಯಾವುದೋ ಬೆಲೆಗೆ ಕೊಟ್ಟಾಗಿದೆ. ಆದರೂ ನಿಯಮದಂತೆ ಐದೂ ಹೆಸರನ್ನು ಜೋರಾಗಿ ಓದಿದೆ. ಪಕ್ಕದ ಕೋಣೆಯಿಂದ ಮಗಳು, “ಅಮ್ಮಾ, ಹೂ ಆರ್ ಯು ಟಾಕಿಂಗ್ ಟು?” ಎಂದಳು. ಯಾರ ಜೊತೆಗೂ ಇಲ್ಲ ಪುಟ್ಟಾ ಎಂದೆ.

ಇನ್ನೊಂದು ಪಟ್ಟಿಗೆ ಕಾಗದ ಬೇಕಾಗಿರಲಿಲ್ಲ, ಅದು ನನಗೆ ಬಾಯಿಪಾಠ. ಅದನ್ನೂ ಓದಿದೆ, ಒಂದೊಂದೇ ಹೆಸರು, ಸರ್‌ಗೆ ಕೇಳಿಸುವಷ್ಟು ಜೋರಾಗಿ. ಓದಿ ಮುಗಿಸಿ, ಮೇಜಿನ ಪದ್ಧತಿಯಂತೆ ಯಾರಾದರೂ “ಅವನ್ಯಾಕಿಲ್ಲ?” ಎಂದು ಕೇಳಲಿ ಎಂದು ಸ್ವಲ್ಪ ಹೊತ್ತು ಕಾದು ಕೂತಿದ್ದೆ.