ಮಾಹುಲದ ದೋಣಿಗೆ ಹನ್ನೆರಡು ವೋಲ್ಟು

ನಾನು ಮೀನು ತಿನ್ನುವವನಲ್ಲ. ವಿಜಾಪುರದ ಕಡೆಯಿಂದ ಬಂದು ಮುಂಬಯಿಯ ನೀರು ಕುಡಿಯುತ್ತ ಎಷ್ಟೋ ವರ್ಷವಾದ ಮೇಲೂ, ಮೀನಿನ ಬುಟ್ಟಿ ಲೋಕಲ್ ರೈಲಿನ ಡಬ್ಬಿ ಹತ್ತಿದರೆ ನಾನು ಇಳಿದು ಬೇರೆ ಡಬ್ಬಿ ಹುಡುಕುತ್ತಿದ್ದೆ. ಅಂಥವನ ಕೊರಳಿಗೆ ಎಪ್ಪತ್ತರ ದಶಕದ ನಡುವೆ, ಒಂದು ಮಳೆಗಾಲದಲ್ಲಿ, ಮೀನು ಹುಡುಕುವ ಯಂತ್ರ ಆರಿಸಿಕೊಡುವ ಕೆಲಸ ಬಂದು ಬಿತ್ತು.

ಬೈಕುಲ್ಲಾದ ಒಂದು ಗಲ್ಲಿಯಲ್ಲಿ ನನ್ನ ಬ್ಯಾಟರಿ ಅಂಗಡಿ. ಟ್ಯಾಕ್ಸಿಯವರು, ಲಾರಿಯವರು, ಮದುವೆಗೆ ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುವವರು ತಂದಿಟ್ಟ ಬ್ಯಾಟರಿಗಳಿಗೆ ಚಾರ್ಜು ತುಂಬುವುದು, ಸತ್ತ ಪ್ಲೇಟು ಬದಲಿಸುವುದು, ಆ್ಯಸಿಡ್ಡಿನಿಂದ ತೂತುಬಿದ್ದ ಅಂಗಿ ತೊಟ್ಟು ಎಲ್ಲರ ಮೇಲೂ ಸಿಡುಕುವುದು ನನ್ನ ಉದ್ಯೋಗ. ಸಿಡುಕುವುದಕ್ಕೆ ಯಾರೂ ಕೂಲಿ ಕೊಡುತ್ತಿರಲಿಲ್ಲ, ಆದರೂ ಅದನ್ನು ನಾನು ಬಿಟ್ಟಿದ್ದಿಲ್ಲ.

ಚೆಂಬೂರಿನ ಎಣ್ಣೆ ಕಾರ್ಖಾನೆಯೊಂದರಲ್ಲಿ ನೌಕರಿ ಮಾಡುತ್ತಿದ್ದ ಒಬ್ಬ ನಮ್ಮ ಗಿರಾಕಿ, ತನ್ನ ಮೋಟರ್ ಸೈಕಲ್ಲಿನ ಬ್ಯಾಟರಿಯನ್ನು ನನ್ನ ಹತ್ತಿರವೇ ತರುತ್ತಿದ್ದ. ನಾನು ಕನ್ನಡದವನು ಎಂಬ ಒಂದೇ ಕಾರಣಕ್ಕೆ ಅಷ್ಟು ದೂರ ಬರುತ್ತಿದ್ದ. ಅವತ್ತು ಜತೆಗೆ ಅಪ್ಪನನ್ನೂ ಕರೆತಂದಿದ್ದ. ಅಪ್ಪ ಕುಂದಾಪುರದ ಕಡಲಿನವರು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು, ಚೆಂಬೂರಿನ ಆಚೆ ಮಾಹುಲದ ದಂಡೆಯಲ್ಲಿ ಒಂದು ಸಣ್ಣ ದೋಣಿ ಇಟ್ಟುಕೊಂಡು ಬದುಕಿದವರು. ಮಗ ಅವರ ಕಿವಿಗೆ ಬಾಯಿಟ್ಟು ಕೂಗುತ್ತಿದ್ದ. ಕೂಗಿದ್ದು ಪಕ್ಕದ ಇರಾನಿ ಹೋಟೆಲಿನವರೆಗೂ ಕೇಳುತ್ತಿತ್ತು, ಅಪ್ಪನಿಗೆ ಮಾತ್ರ ಅರ್ಧ ಮುಟ್ಟುತ್ತಿತ್ತು.

ಆ ಕಿವಿಯೇ ಎಲ್ಲ ತಾಪತ್ರಯದ ಮೂಲ. ಮುಂಬಯಿಯವರು ಘೋಳ್ ಎನ್ನುವ ದೊಡ್ಡ ಮೀನೊಂದಿದೆಯಂತೆ. ಗುಂಪಾಗಿ ಬಂದಾಗ ನೀರೊಳಗೇ ಗೊರಗೊರ ಸದ್ದು ಮಾಡುತ್ತದಂತೆ. ಹುಟ್ಟಿನ ಅಲಗನ್ನು ನೀರಿಗಿಳಿಸಿ ಹಿಡಿಗೆ ಕಿವಿಯಿಟ್ಟು ಆ ಸದ್ದು ಹಿಡಿಯುವುದು ಈ ಮುದುಕರೊಬ್ಬರ ಕೆಲಸ. ಅವರು ಕೈ ತೋರಿಸಿದ ಕಡೆ, ಜತೆಗಿದ್ದ ಇಬ್ಬರು ಕೋಲಿಗಳು, ಮುಂಬಯಿಯ ಮೂಲ ಮೀನುಗಾರರು, ಬಲೆ ಬಿಡುತ್ತಿದ್ದರು. ಈಗ ಕಿವಿ ಕೈಕೊಟ್ಟಿತ್ತು. ಕಳೆದ ಹಂಗಾಮಿನಲ್ಲಿ ಬಲೆ ಬರಿದಾಗಿ ಬಂದದ್ದೇ ಹೆಚ್ಚು. ಕೋಲಿಗಳು ಬೇರೆ ದೋಣಿ ನೋಡುತ್ತಿದ್ದರು. ಮಗ ದೋಣಿಯನ್ನೇ ಮಾರಿ ಅಪ್ಪನನ್ನು ಮನೆಯಲ್ಲಿ ಕೂರಿಸುವುದಾಗಿ ಹೇಳಿದ್ದ. ಕೊನೆಗೆ ಅಪ್ಪನ ಹಟಕ್ಕೆ ಸೋತು ಒಂದು ಮಾತು ಕೊಟ್ಟಿದ್ದ. ಫಿಶ್ ಫೈಂಡರ್ ಎಂಬ ಯಂತ್ರ ತರೋಣ, ಅದು ಮೀನು ತೋರಿಸಿದರೆ ದೋಣಿ ಇರಲಿ, ಇಲ್ಲವಾದರೆ ಮುಗಿಯಿತು.

"ಸೇಠ್, ಅದಕ್ಕೆ ಬ್ಯಾಟರಿ ಬೇಕು. ನಮ್ಮ ದೋಣೀಲಿ ಇಂಜಿನ್ ಇಲ್ಲ, ಕರೆಂಟ್ ಎಲ್ಲಿಂದ ತರೋದು? ನೀವೇ ಬಂದು ಮಶೀನ್ ನೋಡಿ" ಎಂದ ಮಗ. ನಾನು ಆಗದು ಎಂದು ಬಾಯಿ ತೆರೆದವನು ಮುದುಕರ ಮುಖ ನೋಡಿದೆ. ಕೇಳಿಸದಿದ್ದರೂ ನನ್ನ ತುಟಿಯನ್ನೇ ನೋಡುತ್ತಿದ್ದರು. ಆಗಲಿ ಎಂದುಬಿಟ್ಟೆ.

ಹಡಗು ಒಡೆಯುವ ದಾರುಖಾನಾ ನಮ್ಮ ಅಂಗಡಿಯಿಂದ ದೂರವಲ್ಲ. ಅಲ್ಲಿ ಹಡಗಿನ ಹಳೆ ಸಾಮಾನು ಮಾರುವವನೊಬ್ಬನ ಬಳಿ ಎರಡು ಯಂತ್ರಗಳಿದ್ದವು. ಒಂದು ಸೂಟ್‌ಕೇಸಿನಷ್ಟು ದೊಡ್ಡದು, ಮೈಮೇಲೆ ಜಪಾನಿ ಅಕ್ಷರ. ಕಾಗದದ ಸುರುಳಿಯ ಮೇಲೆ ಸೂಜಿ ಓಡಿ, ಸಮುದ್ರದ ತಳವನ್ನೂ ನಡುವಿನ ಮೀನನ್ನೂ ಗೀಚಿ ತೋರಿಸುವಂಥದ್ದು. ಇನ್ನೊಂದು ನಮ್ಮ ಮನೆಯ ಹಿಟ್ಟಿನ ಡಬ್ಬಿಯಷ್ಟಿತ್ತು. ಅದರ ಮುಖದ ಮೇಲೆ ದುಂಡಗೆ ಅಂಕಿಗಳು, ಒಳಗೆ ಗಿರಗಿರ ತಿರುಗುವ ಒಂದು ಕೆಂಪು ದೀಪ. ಉದ್ದ ವೈರಿನ ತುದಿಗೆ ಕಪ್ಪು ರಬ್ಬರಿನಂಥ ಒಂದು ಚಪ್ಪಟೆ ಗುಂಡು. ಆ ಗುಂಡನ್ನು ನೀರಿಗೆ ಬಿಟ್ಟರೆ ಅದು ಕೆಳಕ್ಕೆ ಸದ್ದು ಕಳಿಸುತ್ತದೆ. ಸದ್ದು ತಳಕ್ಕೆ ಬಡಿದು ಮರಳಿದಾಗ, ಆಳ ಎಷ್ಟೋ ಆ ಅಂಕಿಯ ಬಳಿ ದೀಪ ಮಿನುಗುತ್ತದೆ. ನಡುವೆ ಮೀನಿದ್ದರೆ ಅಲ್ಲೊಂದು ಮಿನುಗು.

ಮುದುಕರ ಕಣ್ಣು ಜಪಾನಿ ಯಂತ್ರದ ಮೇಲೆ ಬಿತ್ತು. "ಕಾಗದದ್ದೇ ಒಳ್ಳೇದಲ್ದಾ? ಮನಿಗೆ ತಕಂಡು ಹೋಯಿ ಎಲ್ಲರಿಗೂ ತೋರ್ಸ್ಲಕ್ಕ್" ಎಂದರು.

"ಯಜಮಾನ್ರ, ಆ ಕಾಗದ ಮುಗದ್ರ ಜಪಾನಕ್ಕ ಹೋಗಿ ತರ್ತೀರೇನು?" ಎಂದು ನಾನು ಕೂಗಿದೆ. ಅದಕ್ಕೆ ಇಪ್ಪತ್ತನಾಲ್ಕು ವೋಲ್ಟು ಬೇಕಿತ್ತು, ಅಂದರೆ ಲಾರಿಗೆ ಹಾಕುವಂಥ ಎರಡು ಬ್ಯಾಟರಿ. ಅವನ್ನು ಹೊತ್ತರೆ ಆ ದೋಣಿಯಲ್ಲಿ ಮೀನಿಗೆ ಜಾಗವಿರುತ್ತಿರಲಿಲ್ಲ. ಸಣ್ಣ ಯಂತ್ರಕ್ಕೆ ಹನ್ನೆರಡು ಸಾಕು, ಕುಡಿಯುವ ಕರೆಂಟೂ ಕಡಿಮೆ. ಅದನ್ನೇ ತೆಗೆದುಕೊಂಡೆವು. ಮುದುಕರು ದಾರಿಯುದ್ದಕ್ಕೂ ಅದನ್ನು ಎದೆಗವಚಿಕೊಂಡು ನಡೆದರು.

ಇನ್ನು ಬ್ಯಾಟರಿ. ಟಾರ್ಚಿನ ಸೆಲ್ಲುಗಳನ್ನು ಸಾಲಾಗಿ ಜೋಡಿಸಿ ನೋಡಿದೆ, ಯಂತ್ರ ಅವನ್ನು ಬೇಗ ಬೇಗ ಹೀರಿ ಉಗುಳಿತು. ಕಾರಿನ ಬ್ಯಾಟರಿ ಇಡಬಹುದಿತ್ತು, ಆದರೆ ಒಬ್ಬರೇ ಎತ್ತುವುದು ಕಷ್ಟ. ದೋಣಿ ವಾಲಿದಾಗ ಆ್ಯಸಿಡ್ ಚೆಲ್ಲಿದರೆ ಹಲಗೆಯೂ ಹೋಗುತ್ತದೆ, ಕಾಲೂ ಹೋಗುತ್ತದೆ. ಉಪ್ಪು ನೀರು ಒಳಹೊಕ್ಕರೆ ಏಳುವ ಹೊಗೆ ಇನ್ನೂ ಕೆಟ್ಟದ್ದು. ಕೊನೆಗೆ ಮೋಟರ್ ಸೈಕಲ್ಲಿನ ಆರು ವೋಲ್ಟಿನ ಎರಡು ಬ್ಯಾಟರಿಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಹನ್ನೆರಡು ಮಾಡಿದೆ. ಸಾಗವಾನಿ ಪೆಟ್ಟಿಗೆಯಲ್ಲಿ ಅಲುಗದಂತೆ ಕೂರಿಸಿ, ಗಾಳಿ ಆಡಲು ಮೇಲ್ಭಾಗದಲ್ಲಿ ತೂತು ಕೊರೆದು, ತುದಿಗಳಿಗೆ ಗ್ರೀಸು ಮೆತ್ತಿ, ಎತ್ತಲು ಎರಡು ಬದಿಗೂ ಹಗ್ಗದ ಹಿಡಿಕೆ ಹಾಕಿದೆ. ಬಿಸಿಲಿಗೆ ಕೆಂಪು ದೀಪ ಕಾಣುವುದಿಲ್ಲವೆಂದು ಯಂತ್ರದ ಮುಖಕ್ಕೆ ಟೈರಿನ ಟ್ಯೂಬು ಕತ್ತರಿಸಿ ಒಂದು ಕುಲಾವಿ ಹೊಲಿಸಿದೆ. ಮಾಡಿ ಮುಗಿಸಿದಾಗ ನನಗೇ ಹೆಮ್ಮೆಯಾಯಿತು.

ಹೆಂಡತಿಗೆ ಆಗಲಿಲ್ಲ. "ಟ್ಯಾಕ್ಸಿ ಬ್ಯಾಟರಿ ಸಾಲಲಿಲ್ಲೇನ್ರೀ ನಿಮಗ? ಮೀನ ಹಿಡಿಸೋ ಪಾಪಾ ಯಾಕ ಕಟ್ಕೋತೀರಿ?" ಎಂದಳು. ನಾನು ಮೀನು ಹಿಡಿಸುತ್ತಿಲ್ಲ, ದೀಪ ಹಚ್ಚಿಸುತ್ತಿದ್ದೇನೆ ಎಂದೆ. ಆ ಉತ್ತರವನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾರಳಿ ಪುನವ ಎನ್ನುವ ಶ್ರಾವಣದ ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿಗಳು ನೀರಿಗಿಳಿದವು. ಹೆಚ್ಚು ದಿನ ಕಳೆದಿರಲಿಲ್ಲ, ಮಗ ಅಂಗಡಿಗೆ ಬಂದು ನಿಂತ. ದೀಪ ತಿರುಗುತ್ತದೆ, ಆದರೆ ಸೊನ್ನೆಯ ಹತ್ತಿರ ಬಿಟ್ಟು ಎಲ್ಲಿಯೂ ಮಿನುಗುತ್ತಿಲ್ಲ. ಮೀನು ಹೋಗಲಿ, ಸಮುದ್ರಕ್ಕೆ ತಳವೇ ಇಲ್ಲ ಎನ್ನುತ್ತಿದೆ. "ಬ್ಯಾಟರಿ ವೀಕ್ ಇರಬೇಕು ಸೇಠ್. ಇರಲಿ ಬಿಡಿ, ದೋಣಿಗೆ ಒಬ್ಬ ಗಿರಾಕಿ ಸಿಕ್ಕಿದ್ದಾನೆ" ಎಂದ.

ನನ್ನ ಬ್ಯಾಟರಿಗೆ ವೀಕ್ ಎಂದದ್ದು ನನ್ನ ಮೈಗೆ ಬೆಂಕಿ ಹಚ್ಚಿತು. ಅಂಗಡಿಗೆ ಬೀಗ ಜಡಿದು, ಕುರ್ಲಾದಲ್ಲಿ ಗಾಡಿ ಬದಲಿಸಿ ಚೆಂಬೂರಿಗೆ, ಅಲ್ಲಿಂದ ಬಸ್ಸಿನಲ್ಲಿ ಮಾಹುಲಕ್ಕೆ ಹೋದೆ. ಮೀಟರು ಹಿಡಿದು ದೋಣಿಯನ್ನೂ ಹತ್ತಿದೆ. ದಂಡೆ ದಾಟುವ ಮೊದಲೇ ದೋಣಿ ಓಲಾಡತೊಡಗಿತು. ಬಾಯಿ ಬಿಗಿಹಿಡಿದು ಅಳೆದೆ. ವೋಲ್ಟು ಪೂರ್ತಿ ಇತ್ತು. ವೈರು ಸರಿ, ಫ್ಯೂಸು ಸರಿ. ಕೊನೆಗೆ, ಬಿದಿರಿಗೆ ಕಟ್ಟಿ ನೀರಿಗಿಳಿಸಿದ್ದ ಗುಂಡನ್ನು ಮೇಲೆತ್ತಲು ಹೇಳಿದೆ. ಅದು ಹೋಳಿಗೆಯಷ್ಟು ಅಗಲವಾಗಿ, ಇಡ್ಲಿಯಷ್ಟು ದಪ್ಪವಾಗಿ ಮೇಲೆ ಬಂತು. ಮೈತುಂಬ ಡಾಂಬರು!

ಮಳೆಗಾಲ ಮುಗಿಯುವಾಗ ದೋಣಿಯ ಹೊಟ್ಟೆಗೆ ಡಾಂಬರು ಬಳಿಯುವುದು ವಾಡಿಕೆ. ಮುದುಕರು ದೋಣಿಗೆ ಬಳಿದು, ಲಂಗರಿಗೆ ಬಳಿದು, ಕೈಯಲ್ಲಿ ಉಳಿದದ್ದನ್ನು ಬಲು ಪ್ರೀತಿಯಿಂದ ಗುಂಡಿಗೂ ಬಳಿದಿದ್ದರು. ಒಣಗಿಸಿ ಮತ್ತೆ ಮತ್ತೆ ಬಳಿದಿದ್ದರು. ಆ ಪದರ ದಾಟಿ ಗುಂಡಿನ ಸದ್ದು ಹೊರಬರುವುದಾದರೂ ಹೇಗೆ?

"ನೀರಿಗೆ ಇಳಿಯುದಕ್ಕೆಲ್ಲ ಡಾಂಬರ್ ಹಚ್ಚುದಲ್ದಾ ಮಾರಾಯ್ರೆ? ಇಲ್ದಿರೆ ಉಪ್ಪು ತಿಂದ್ ಬಿಡುದಿಲ್ಯಾ?" ಎಂದರು.

ಬೈಯಲು ಬಾಯಿ ತೆರೆದೆ. ಬೈಗುಳದ ಬದಲು ಬೆಳಿಗ್ಗೆ ತಿಂದದ್ದೆಲ್ಲ ಹೊರಬಂತು. ಕೋಲಿಗಳು ನಕ್ಕರು. ಸುಧಾರಿಸಿಕೊಂಡು, ಚಾಕುವಿನ ಮೊಂಡ ಬದಿಯಿಂದ ಡಾಂಬರು ಕೆರೆದು, ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಗುಂಡನ್ನು ನೀರಿಗೆ ಬಿಡಿಸಿದೆ. ಕುಲಾವಿಯೊಳಗೆ ಮುಖವಿಟ್ಟ ಮುದುಕರು ಥಟ್ಟನೆ ತಲೆ ಎತ್ತಿದರು. ನನ್ನ ಕುತ್ತಿಗೆ ಹಿಡಿದು ನನ್ನ ಮುಖವನ್ನೂ ಅಲ್ಲಿಗೇ ಒತ್ತಿದರು. ಸಮುದ್ರದ ತಳ ಕೆಂಪಗೆ ಮಿನುಗುತ್ತಿತ್ತು. ಇನ್ನಷ್ಟು ಮುಂದೆ ಹೋದಾಗ ತಳದ ಮೇಲೆ ಇನ್ನೊಂದು ಮಿನುಗು ಬಂತು. ಬಲೆ ಬಿಟ್ಟರು. ಅವತ್ತು ಸಿಕ್ಕ ಮೀನು ಹೊರಲು ದಂಡೆಯಿಂದ ಜನ ಬರಬೇಕಾಯಿತು. ಮನೆ ಮುಟ್ಟಿದಾಗ ಹೆಂಡತಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, "ಅಲ್ಲೇ ನಿಂದರ್ರಿ, ಜಳಕದ ನೀರ ಕಾಸ್ತೀನಿ" ಎಂದಳು.

ದೋಣಿ ಉಳಿಯಿತು. ಮುದುಕರೂ ಉಳಿದರೆಂದು ನಾನು ತಿಳಿದಿದ್ದೆ. ಆದರೆ ಹುಟ್ಟಿಗೆ ಕಿವಿಯಿಡುವ ವಿದ್ಯೆ ಅವರೊಬ್ಬರದಾಗಿತ್ತು, ಕೆಂಪು ದೀಪ ನೋಡಲು ಕಣ್ಣಿದ್ದರೆ ಸಾಕು. ದೀವಳಿಗೆಯ ಹೊತ್ತಿಗೆ ಕೋಲಿಗಳಿಬ್ಬರೂ ಅದನ್ನು ಕಲಿತಿದ್ದರು. ಇನ್ನು ಅಪ್ಪಯ್ಯ ಬರಬೇಕಾಗಿಲ್ಲ, ನಾವೇ ನೋಡಿಕೊಳ್ಳುತ್ತೇವೆ ಎಂದು ಅವರು ಮಗನಿಗೆ ಹೇಳಿದರು. ಮಗನಿಗೂ ಬೇಕಾದದ್ದು ಅದೇ. ಈ ಸುದ್ದಿ ನನಗೆ ಗೊತ್ತಾದದ್ದು ಒಂದು ಬೆಳಿಗ್ಗೆ, ನಾನು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಮುದುಕರು ದೋಣಿಯಿಂದ ಎತ್ತಿ ತಂದ ಬ್ಯಾಟರಿ ಪೆಟ್ಟಿಗೆಯ ಮೇಲೆ ಕುಳಿತು ತಾವೇ ಹೇಳಿದಾಗ.

"ಚಾರ್ಜ್ ಹಾಕಿ" ಎಂದರು.

ಮುಚ್ಚಳ ತೆಗೆದು ಆ್ಯಸಿಡ್ ಅಳೆಯುವ ಗಾಜಿನ ಕೊಳವೆ ಅದ್ದಿದೆ. ಬ್ಯಾಟರಿಯಲ್ಲಿ ಚಾರ್ಜು ತುಂಬಿ ತುಳುಕುತ್ತಿತ್ತು. ಕೈಸನ್ನೆಯಲ್ಲಿ ಹೇಳಿದೆ. "ಇರ್ಲಿ. ಹಾಕಿ" ಎಂದರು. ನಾನು ಇನ್ನೇನೂ ಕೇಳದೆ ಅದನ್ನು ಚಾರ್ಜಿಗೆ ಇಟ್ಟ ಬ್ಯಾಟರಿಗಳ ಸಾಲಿನಲ್ಲಿಟ್ಟೆ, ವೈರು ಮಾತ್ರ ಜೋಡಿಸಲಿಲ್ಲ. ಎಲ್ಲರಿಗೂ ಕೊಡುವಂತೆ ತಗಡಿನ ನಂಬರು ಬಿಲ್ಲೆ ಕೊಟ್ಟೆ. ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಂಚಿನ ಮೇಲೆ ಕುಳಿತರು.

ಮಗ ಬಂದದ್ದು ಬೆವರು ಸುರಿಸುತ್ತ. "ಸೇಠ್, ಬ್ಯಾಟರಿ ಕೊಡಿ. ದೋಣಿ ಖಾಲಿ ನಿಂತಿದೆ."

"ಬಿಲ್ಲೆ ಎಲ್ಲೈತಿ?" ಎಂದೆ.

"ನನ್ನದೇ ಬ್ಯಾಟರಿಗೆ ಬಿಲ್ಲೆ ಯಾಕೆ?"

"ತಂದಾವರಿಗೇ ಕೊಡೂದು. ಅಂಗಡಿ ಪದ್ಧತಿ ಐತಿ."

ನಾನು ಅಪ್ಪನ ಪಕ್ಷ ಎಂದು ಅವನಿಗೆ ಅರ್ಥವಾಯಿತು. ಅಪ್ಪನ ಕಡೆ ನೋಡಲಿಲ್ಲ, ನನ್ನ ಕಡೆಗೇ ತಿರುಗಿ ದನಿ ಏರಿಸಿದ. "ನಿಮಗೇನು ಗೊತ್ತು? ಅಲ್ಲಿ ಎಣ್ಣೆ ಜಹಾಜು ಬರ್ತಾವೆ. ಭೋಂಗಾ ಹೊಡೆದರೂ ಅಪ್ಪಯ್ಯಂಗೆ ಕೇಳಲ್ಲ. ನಾಳೆ ನೀರಿಗೆ ಬಿದ್ದರೆ ಏನು ಮಾಡೋದು? ನಿಮ್ಮ ಮಶೀನಿನಲ್ಲಿ ಕಾಣ್ತಾರಾ?"

ಅವನ ಮೇಲೆ ಬೆಳಗಿನಿಂದ ಸೇರಿಸಿಟ್ಟ ಸಿಟ್ಟು ಅಲ್ಲಿಗೇ ಇಳಿಯಿತು. ಹುಡುಗ ಹೆದರಿದ್ದ. ಅವನಷ್ಟು ಹೆದರುವವರು ನನಗಾಗಿಯೂ ಯಾರಾದರೂ ಇದ್ದಾರೆಯೇ ಎಂದು ಒಂದು ಗಳಿಗೆ ಹೊಟ್ಟೆಕಿಚ್ಚೂ ಆಯಿತು.

ಮುದುಕರಿಗೆ ಎಷ್ಟು ಕೇಳಿಸಿತೋ ತಿಳಿಯದು. "ಮನೇಲಿ ಕೂತ್ರೆ ನಾನ್ ಸತ್ತೇ ಹೋತೆ ಮಗಾ" ಎಂದರು. ಕಿವುಡರು ಸಾಮಾನ್ಯವಾಗಿ ಕೂಗಿ ಮಾತಾಡುತ್ತಾರೆ. ಅವರು ಅದನ್ನು ಬಹಳ ಮೆಲ್ಲಗೆ ಹೇಳಿದರು.

ಮಗ ಬೆಂಚಿನ ಇನ್ನೊಂದು ತುದಿಗೆ ಕುಳಿತ. ಇರಾನಿ ಹೋಟೆಲಿನಿಂದ ಚಹಾ ತರಿಸಿದೆ. ಅಪ್ಪ ಕುಡಿದರು, ಮಗನ ಚಹಾ ಆರಿತು. ಟ್ಯಾಕ್ಸಿಯವನೊಬ್ಬ ಬಂದು ತನ್ನ ಬ್ಯಾಟರಿ ಒಯ್ದ. ಆಮೇಲೆ ಮಗ ತಲೆ ಎತ್ತದೆಯೇ ಕೇಳಿದ: "ಚಾರ್ಜ್ ಆಗಕ್ಕೆ ಇನ್ನೂ ಎಷ್ಟು ಹೊತ್ತು ಬೇಕು?"

"ಆಗೇತಿ" ಎಂದೆ.

ಮುದುಕರು ಸೊಂಟದಿಂದ ಬಿಲ್ಲೆ ತೆಗೆದು ನನ್ನ ಮೇಜಿನ ಮೇಲಿಟ್ಟರು. ಪೆಟ್ಟಿಗೆಯ ಒಂದು ಹಗ್ಗವನ್ನು ಅಪ್ಪ ಹಿಡಿದರು, ಇನ್ನೊಂದನ್ನು ಮಗ. ಗಲ್ಲಿ ಮುಗಿದು ದೊಡ್ಡ ರಸ್ತೆ ಬರುವವರೆಗೂ ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಲ್ಲಿ ಒಂದು ಬಸ್ಸು ಹಾರ್ನ್ ಹೊಡೆಯುತ್ತ ಬಂತು. ಅಪ್ಪ ಗಮನಿಸದೆ ಮುಂದೆ ಹೆಜ್ಜೆಯಿಟ್ಟರು. ಮಗ ಹಗ್ಗ ಜಗ್ಗಿ ಅವರನ್ನು ನಿಲ್ಲಿಸಿದ, ಪೆಟ್ಟಿಗೆಯನ್ನು ನೆಲಕ್ಕಿಳಿಸಿದ, ಸುತ್ತಿ ಬಂದು ಬಸ್ಸು ಬರುವ ಬದಿಗೆ ತಾನು ನಿಂತ. ಮತ್ತೆ ಇಬ್ಬರೂ ಪೆಟ್ಟಿಗೆ ಎತ್ತಿಕೊಂಡು ರಸ್ತೆ ದಾಟಿದರು.