ಅವಳು ಬಿಗಿದಿಟ್ಟ ತೋಪಡ

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಬೆಳಿಗ್ಗೆ ಐದೂವರೆಗೆ ಎದ್ದು, ಹಾಲು ಕಾಯಲು ಇಟ್ಟು, ಅದು ಕಾಯುವಷ್ಟರಲ್ಲಿ ಹಿತ್ತಿಲಿನ ಶೀಟಿನ ಕೆಳಗೆ ಹೋಗಿ ಮರ ಕೀಸಲು ನಿಲ್ಲುತ್ತಿದ್ದಳು. ಎಷ್ಟೋ ಸಲ ಹಾಲು ಉಕ್ಕಿ ಹೋಗಿದೆ. ಮಂಡ್ಯದ ಗುತ್ತಲಿನ ನಮ್ಮ ಬೀದಿಯಲ್ಲಿ ಮೊದಮೊದಲು ಜನ ನಗುತ್ತಿದ್ದರು. ಮನೆಗೆ ಬಡಗಿ ಕರೆಸಿದ್ದೀರಾ ಎಂದು ಪಕ್ಕದ ಮನೆಯಾಕೆ ಕೇಳಿದಾಗ, ಹೌದು, ಊಟ ಹಾಕಿದರೆ ಸಾಕು ಅನ್ನುವ ಬಡಗಿ ಎಂದು ನಾನೇ ಹೇಳಿದ್ದೆ.

ಈ ಹುಚ್ಚು ಹತ್ತಿದ್ದು ಮಳವಳ್ಳಿಯಲ್ಲಿ. ಅವಳು ಆಗ ಅಲ್ಲಿನ ಶಾಲೆಯಲ್ಲಿದ್ದಳು. ಮುರಿದ ಬೆಂಚು ಸರಿ ಮಾಡಲು ಬಂದ ಒಬ್ಬ ಮುದಿ ಆಚಾರಿಯ ಕೈಕೆಲಸ ನೋಡುತ್ತಾ ನಿಂತವಳು, ನನಗೂ ಒಂದು ಸಲ ಕೊಡಿ ಎಂದು ಕೇಳಿದಳಂತೆ. ಆಮೇಲೆ ಎರಡು ವರ್ಷ ಭಾನುವಾರಗಳೆಲ್ಲ ಅವರ ಜಗಲಿಯಲ್ಲೇ ಕಳೆದವು. ಅವರು ಕಣ್ಣು ಕಾಣದೆ ಕೆಲಸ ಬಿಟ್ಟಾಗ ತಮ್ಮ ತೋಪಡವನ್ನು ಇವಳಿಗೇ ಕೊಟ್ಟರು.

ತೋಪಡ ಅಂದರೆ ಹಲಗೆಯನ್ನು ನಯ ಮಾಡುವ ಸಾಧನ. ಗಟ್ಟಿಮರದ ಒಂದು ತುಂಡು, ಅದರ ನಡುವೆ ಓರೆಯಾಗಿ ಕೂರುವ ಉಕ್ಕಿನ ಅಲಗು, ಅಲಗನ್ನು ಹಿಡಿದಿಡುವ ಮರದ ಬೆಣೆ, ಅಷ್ಟೇ. ಅಲಗು ಕೆಳಗೆ ಎಷ್ಟು ಇಣುಕಬೇಕು ಎನ್ನುವುದಕ್ಕೆ ತಿರುಪು ಇಲ್ಲ, ಗುರುತು ಇಲ್ಲ. ಸಣ್ಣ ಸುತ್ತಿಗೆಯಲ್ಲಿ ತಟ್ಟಿ, ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿ, ಮತ್ತೆ ತಟ್ಟಬೇಕು. ಒಬ್ಬರು ಕೂರಿಸಿದ ಹಾಗೆ ಇನ್ನೊಬ್ಬರು ಕೂರಿಸುವುದಿಲ್ಲ. ಇದನ್ನೆಲ್ಲ ಅವಳು ಹೇಳುವಾಗ ನಾನು ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ.

ಮಂಡ್ಯಕ್ಕೆ ವರ್ಗವಾದ ಮೇಲೆ ಅವಳ ಜೊತೆ ಇನ್ನಿಬ್ಬರು ಸೇರಿದರು. ಒಬ್ಬ ಮದ್ದೂರಿನಲ್ಲಿ ಬೈಕ್ ರಿಪೇರಿ ಮಾಡುವ ಮೆಕ್ಯಾನಿಕ್, ನಲವತ್ತು ದಾಟಿದ ಮುಸ್ಲಿಂ ಮನುಷ್ಯ. ಇನ್ನೊಬ್ಬ ಬಂಡೂರಿನಲ್ಲಿ ಕುರಿ ಸಾಕುವ ರೈತ. ಇಬ್ಬರಿಗೂ ಮರಗೆಲಸ ಹೊಟ್ಟೆಪಾಡಲ್ಲ. ಗುಜರಿ ಅಂಗಡಿಗಳಲ್ಲಿ ತುಕ್ಕು ಹಿಡಿದ ಉಳಿ, ಬಾಚಿ ಹುಡುಕಿ ತಂದು, ಭಾನುವಾರ ನಮ್ಮ ಹಿತ್ತಿಲಲ್ಲಿ ಕೂತು ಸಾಣೆ ಹಿಡಿಯುವುದೇ ಅವರಿಗೆ ಹಬ್ಬ. ಒಂದು ಸಲ ಮೆಕ್ಯಾನಿಕ್ ಕರೆಂಟಿನ ತೋಪಡ ತಂದುಬಿಟ್ಟ. ರೈತ ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, "ದಿನಾ ಇಂಜಿನ್ ಬಿಚ್ಚೋದು ಸಾಲ್ದಾ? ಭಾನ್ವಾರ ಆದ್ರೂ ಮಿಸನ್ನು ಬುಡ್ಲಾ. ಕರೆಂಟು ಓದ್ರೆ ಅದು ಎಣ" ಅಂದ.

"ನೀನು ಕೀಸಿದ್ದು ನೋಡಿದ್ರೆ ಕುರಿ ಉಣ್ಣೆ ಕತ್ತರಿಸ್ದಂಗೈತೆ. ನೀನ್ ನಂಗೆ ಹೇಳ್ತೀಯಾ?" ಅಂದ ಮೆಕ್ಯಾನಿಕ್.

ನನ್ನ ಹೆಂಡತಿ ಇಬ್ಬರಿಗೂ ಬೈದು ಪೇಪರು ತರಿಸಿದಳು. ಅವರ ಪಂದ್ಯ ಅದು. ತೋಪಡದಿಂದ ಬಂದ ಮರದ ಸುರುಳಿಯನ್ನು ಬಿಡಿಸಿ ಪೇಪರಿನ ಮೇಲೆ ಇಡಬೇಕು. ಯಾರ ಸುರುಳಿಯೊಳಗಿಂದ ಅಕ್ಷರ ಓದಲು ಬರುತ್ತದೋ ಅವರು ಗೆದ್ದ ಹಾಗೆ. ಓದುವ ಕೆಲಸ ನನ್ನದು. ನಾನು ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದವನು, ಮರದ ವಿಷಯ ತಿಳಿಯದವನು, ಆದ್ದರಿಂದ ಪಕ್ಷಪಾತ ಮಾಡುವುದಿಲ್ಲ ಎಂದು ಅವರ ಲೆಕ್ಕ. ನಾನು ಅವಳ ಸುರುಳಿ ಬಂದಾಗ ಮಾತ್ರ ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ಕಳೆದ ಮಾಗಿಯಲ್ಲಿ ಅವಳು ನನಗೊಂದು ಪುಟ್ಟ ಮೇಜು ಮಾಡಲು ಹೊರಟಿದ್ದಳು. ನನಗೆ ಮಂಡಿ ನೋವು, ಬಗ್ಗಿ ನೆಲದಿಂದ ಕಾಫಿ ಲೋಟ ಎತ್ತಿಕೊಳ್ಳುವುದು ಕಷ್ಟ. ಹಲಸಿನ ಹಲಗೆ ತಂದು ಒಂದು ಬುಧವಾರ ಬೆಳಿಗ್ಗೆ ಅರ್ಧದಷ್ಟು ಕೀಸಿದಳು. ಬಸ್ಸಿಗೆ ಹೊತ್ತಾಯಿತು. ಸೆರಗಿನಿಂದ ಹೊಟ್ಟು ಕೊಡವಿಕೊಂಡು, ತೋಪಡವನ್ನು ಹಲಗೆಯ ಮೇಲೇ ಮಗ್ಗುಲಾಗಿ ಮಲಗಿಸಿದಳು.

"ರೀ, ಅದನ್ನ ಮುಟ್ಬೇಡಿ. ಚೆನ್ನಾಗಿ ಕೂತಿದೆ. ಸಾಯಂಕಾಲ ಬಂದು ಮುಗಿಸ್ತೀನಿ" ಅಂದಳು.

ಮೂರನೇ ಪೀರಿಯಡ್ಡಿನಲ್ಲಿ ಬೋರ್ಡಿನ ಮುಂದೆ ಕುಸಿದು ಬಿದ್ದಳಂತೆ. ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಆ ದಿನದ ಬಗ್ಗೆ ಬರೆಯಲು ನನಗೆ ಇನ್ನೂ ಆಗುವುದಿಲ್ಲ.

ಅವಳ ಸೀರೆಗಳನ್ನು ಕೆರಗೋಡಿನ ಅವಳ ತಂಗಿ ಮಡಿಸಿ ಒಳಗಿಟ್ಟಳು. ಚಪ್ಪಲಿಯನ್ನು ಯಾರೋ ತೆಗೆದರು. ನಾನು ಯಾವುದನ್ನೂ ತಡೆಯಲಿಲ್ಲ. ಹಿತ್ತಿಲಿಗೆ ಮಾತ್ರ ದಿನಾ ಹೋಗಿ ಆ ತೋಪಡ ನೋಡಿ ಬರುತ್ತಿದ್ದೆ. ಬೆಣೆ ಬಿಗಿಯಾಗಿ ಕೂತಿತ್ತು. ಅಲಗು ಅವಳು ಬಿಟ್ಟ ಜಾಗದಲ್ಲೇ ಇತ್ತು. ಅವಳ ಕೈ ಕೊನೆಯದಾಗಿ ಮಾಡಿದ ತೀರ್ಮಾನ ಅದರಲ್ಲಿ ಹಾಗೇ ಉಳಿದಿದೆ, ಅದೊಂದು ಇದ್ದರೆ ಸಾಕು ಎಂದುಕೊಂಡೆ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳುವಂಥ ಮಾತೂ ಅಲ್ಲ.

ಹನ್ನೊಂದನೇ ದಿನ ತಿಥಿಗೆ ಮೆಕ್ಯಾನಿಕ್, ರೈತ ಇಬ್ಬರೂ ಬಂದರು. ಎಡೆ ಇಡುವುದು ತಡವಾಯಿತು. ಮನೆಯೊಳಗೆ ಹೆಂಗಸರು ತುಂಬಿದ್ದರಿಂದ ಇಬ್ಬರೂ ಹಿತ್ತಿಲಿಗೆ ಹೋಗಿ ಕೂತರು. ಊಟಕ್ಕೆ ಕರೆಯಲು ಹೋದಾಗ ಸಾಮಾನುಗಳೆಲ್ಲ ಸಾಲಾಗಿದ್ದವು. ಉಳಿಗಳಿಗೆ ಎಣ್ಣೆ ಸವರಿತ್ತು. ತೋಪಡದ ಬೆಣೆ ಸಡಿಲವಾಗಿ, ಅಲಗು ಒಳಕ್ಕೆ ಸರಿದಿತ್ತು.

ಯಾರು ಮುಟ್ಟಿದ್ದು ಎಂದು ಕೇಳಿದೆ.

"ನಾನೇ ಅಣ್ಣ" ಅಂದ ಮೆಕ್ಯಾನಿಕ್. "ಬೆಣೆ ಹನ್ನೊಂದು ದಿನದಿಂದ ಬಿಗಿದಂಗೇ ಇತ್ತು. ಮರ ಸೀಳ್ಕೊಳ್ತದೆ ಅಂತ ಸಡ್ಲ ಮಾಡ್ದೆ. ಅಕ್ಕನೇ ಹೇಳ್ಕೊಟ್ಟಿದ್ದು."

ನಿಜ. ಮಳವಳ್ಳಿಯ ಆಚಾರಿಯ ನಿಯಮ ಅದು, ಕೆಲಸ ಮುಗಿದ ಮೇಲೆ ಬೆಣೆ ಸಡಿಲಿಸದೆ ತೋಪಡ ಎತ್ತಿಡಬಾರದು. ಅವಳು ಅದನ್ನು ಇವರಿಗೆ ಬೈದು ಬೈದು ಕಲಿಸಿದ್ದಳು. ಅವನು ಅವಳ ಮೇಲಿನ ಗೌರವದಿಂದಲೇ ಮಾಡಿದ್ದು. ಅದೆಲ್ಲ ಗೊತ್ತಿದ್ದೂ, ಇನ್ನು ಈ ಹಿತ್ತಿಲಿಗೆ ಬರಬೇಡ ಎಂದುಬಿಟ್ಟೆ. ಅವನು ಉಣ್ಣದೆ ಹೋದ. ತಿಥಿ ಮನೆಯಿಂದ ಅವಳ ಶಿಷ್ಯನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದವನು ನಾನು.

ಎರಡು ತಿಂಗಳು ಅವನ ಸುಳಿವಿರಲಿಲ್ಲ. ನಾನು ಯಾಕೆ ಹಾಗಾಡಿದೆ ಎಂದು ಬಂಡೂರಿನ ರೈತ ಒಂದು ದಿನ ಫೋನಿನಲ್ಲಿ ಕೇಳಿದಾಗ, ಇದ್ದದ್ದು ಹೇಳಿದೆ. ಅವನು ಅದನ್ನು ಗೆಳೆಯನಿಗೆ ಮುಟ್ಟಿಸಿರಬೇಕು. ಅದರ ಮುಂದಿನ ಭಾನುವಾರ ಮೆಕ್ಯಾನಿಕ್ ಬಂದು ಗೇಟಿನ ಹೊರಗೇ ನಿಂತ. ಒಳಗೆ ಬಾ ಎಂದೆ. ನೇರವಾಗಿ ಹಿತ್ತಿಲಿಗೆ ನಡೆದ.

ಅಕ್ಕ ಕೀಸಿದ ಸುರುಳಿ ಒಂದಾದರೂ ಕೊಡಿ, ಅದರ ದಪ್ಪ ನೋಡಿಕೊಂಡು ಅಲಗನ್ನು ಮೊದಲಿನ ಜಾಗಕ್ಕೇ ತರುತ್ತೇನೆ ಎಂದ. ಸುರುಳಿ ಇರಲಿಲ್ಲ. ಅವಳನ್ನು ಮನೆಗೆ ತಂದ ದಿನ, ಕೊನೆಯ ಸ್ನಾನದ ನೀರು ಕಾಯಿಸಲು ನೆಂಟರು ಅವನ್ನೆಲ್ಲ ಬಾಚಿ ಹಂಡೆಯ ಒಲೆಗೆ ಹಾಕಿದ್ದರು. ಅದನ್ನು ಹೇಳಿದೆ. ಅವನು ತೋಪಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

"ಶಬ್ದ ಗೊತ್ತಾ ಅಣ್ಣ ನಿಮಗೆ? ಅಕ್ಕ ಕೀಸುವಾಗ ಬರೋ ಶಬ್ದ?"

ಗೊತ್ತಿತ್ತು. ಹದಿನಾರು ವರ್ಷ ಹಾಸಿಗೆಯಲ್ಲಿ ಮಲಗಿ ಕೇಳಿದ್ದೆ. ಹುರಿಗಡಲೆ ಅಂಗಡಿಯವನು ಪೇಪರನ್ನು ಒಂದೇ ಎಳೆತಕ್ಕೆ ಹರಿದ ಹಾಗೆ, ಕೊನೆಯಲ್ಲಿ ಸ್ವಲ್ಪ ಏರುತ್ತಿತ್ತು.

ಅವನು ತಟ್ಟಿದ, ಕೀಸಿದ, ನನ್ನ ಮುಖ ನೋಡಿದ. ಅಲ್ಲ ಎಂದೆ. ಮತ್ತೆ ತಟ್ಟಿದ. ಅವಳ ಹಲಗೆಯನ್ನು ಮುಟ್ಟಲಿಲ್ಲ, ತನ್ನದೇ ಒಂದು ತುಂಡು ತಂದಿದ್ದ. ಒರಟು, ಮತ್ತೆ ಒರಟು, ಆಮೇಲೆ ಏನೂ ಕಚ್ಚದೆ ಬರೀ ಜಾರಿತು. ಬಿಸಿಲು ಶೀಟಿನ ಮೇಲೆ ಏರಿತು. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಪ್ರತಿ ಸಲವೂ ತಲೆ ಎತ್ತಿ, ಪರೀಕ್ಷೆಯ ಫಲಿತಾಂಶ ಕಾಯುವವನಂತೆ ನೋಡುತ್ತಿದ್ದ. ಹತ್ತಿರ ಬಂತು ಅನ್ನಿಸಿದ್ದು ಒಂದು ಸಲ. ಅದೂ ಅವಳದಲ್ಲ. ಅವಳ ಕೈ ಭಾರ, ಅವಳು ಉಸಿರು ಬಿಡುತ್ತಿದ್ದ ಹೊತ್ತು, ಅದೂ ಸೇರಿ ಆ ಶಬ್ದವಾಗಿತ್ತು ಎಂದು ಆಗಲೇ ನನಗೆ ತಿಳಿದದ್ದು. ಬೆಣೆ ಸಡಿಲವಾಗದೆ ಇದ್ದಿದ್ದರೂ ಅದು ಉಳಿಯುತ್ತಿರಲಿಲ್ಲ.

ಮಧ್ಯಾಹ್ನವಾಗುತ್ತಾ ಬಂದಿತ್ತು. ಅವನು ಇನ್ನೊಂದು ಸಲ ಕೀಸಿ, ತಲೆ ಎತ್ತಿದ.

"ಹೂಂ, ಇದೇ" ಎಂದೆ.

"ಇದೇನಾ ಅಣ್ಣ?"

"ಇದೇ."

ಅವನು ತೋಳಿನಿಂದ ಮುಖ ಒರೆಸಿಕೊಂಡ. ತೋಪಡವನ್ನು ಹಲಗೆಯ ಮೇಲೆ ಮಗ್ಗುಲಾಗಿ ಇಟ್ಟ. ನಾನು ಅನ್ನ ಮಾಡಿದೆ, ನಿನ್ನೆಯ ಸಾರು ಬಿಸಿ ಮಾಡಿದೆ. ಇಬ್ಬರೂ ಉಂಡೆವು. ಅವನು ಎರಡು ಸಲ ಬಡಿಸಿಕೊಂಡ.

ಸಂಜೆ ಬಂಡೂರಿನಿಂದ ಫೋನು ಬಂತು. "ಸರಿ ಓಯ್ತಂತಲ್ಲಣ್ಣ, ಟೀಚರಮ್ಮ ಇಟ್ಟಂಗೇ ಕೂತದಂತೆ" ಅಂದ ರೈತ, ನಗುತ್ತಾ, ಮೂಗು ಎಳೆಯುತ್ತಾ.

ಹೌದಪ್ಪ, ಹಾಗೇ ಕೂತಿದೆ ಎಂದೆ.